ಮೊಮ್ಮಗನ ವಂಶವೃಕ್ಷ, ಅಳಿಯನ ಅಡ್ಡಹೆಸರು

ಈ ಸಲ ಬಂದ ಪತ್ರಗಳನ್ನು ನೋಡಿದರೆ ಮಲೆನಾಡಿನ ಅರ್ಧ ಮನೆಗಳಲ್ಲಿ ಅಮೆರಿಕದ ಅಳಿಯನೋ ಸೊಸೆಯೋ ಇದ್ದಂತಿದೆ. ಹಾಗಾಗಿ ಅಡಿಕೆ ಕೊಳೆರೋಗದವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಡೆದುಕೊಳ್ಳಿ. ಇವತ್ತು ಪೂರ್ತಿ ವಂಶದ ವಿಚಾರ.

ಪ್ರಶ್ನೆ: ಮಗಳು ಮದುವೆಯಾಗಿರುವುದು ಅಮೆರಿಕದ ಹುಡುಗನನ್ನು. ಅಡ್ಡಹೆಸರು ಕಾರ್ಪೆಂಟರ್. ಅವರ ಅಜ್ಜನ ಮನೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ. ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದಾರೆ. ನಮ್ಮ ಕಡೆಯದನ್ನು ನಾನೇ ಫೋನಿನಲ್ಲಿ ಹೇಳಿ ಬರೆಸಿದೆ. ಅಳಿಯನ ಕಡೆಯದು ಮುತ್ತಜ್ಜನ ಹತ್ತಿರ ನಿಂತುಹೋಗಿದೆ. ಬೀಗರು ಮಾತ್ರ ‘ನಮ್ಮವರು ಮೇಫ್ಲವರ್ ಹಡಗಿನಲ್ಲಿ ಬಂದವರು’ ಎನ್ನುತ್ತಾರೆ. ನಿಜವೇ? ಹುಡುಕುವುದು ಹೇಗೆ? ಇನ್ನೊಂದು, ಕಾರ್ಪೆಂಟರ್ ಎಂದರೆ ಅವರು ಮೂಲದಲ್ಲಿ ಬಡಗಿಗಳೇ? ಕೇಳಿದರೆ ಬೇಜಾರಾಗುತ್ತಾರೇನೋ ಎಂದು ಸುಮ್ಮನಿದ್ದೇನೆ.
— ಓದುಗರು, ತೀರ್ಥಹಳ್ಳಿ

ಅಮ್ಮಾ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಧೈರ್ಯವಾಗಿ ಕೇಳಿ, ಯಾರಿಗೂ ಬೇಜಾರಾಗುವುದಿಲ್ಲ. ಸ್ಮಿತ್ ಎಂದರೆ ಕಮ್ಮಾರ, ಮಿಲ್ಲರ್ ಎಂದರೆ ಹಿಟ್ಟು ಬೀಸುವವನು, ಕೂಪರ್ ಎಂದರೆ ಪೀಪಾಯಿ ಮಾಡುವವನು. ಇಂಗ್ಲೆಂಡಿನಲ್ಲಿ ಕಸುಬಿನ ಹೆಸರು ಮನೆತನಕ್ಕೆ ಅಂಟಿಕೊಂಡು ಐನೂರು ವರ್ಷದ ಮೇಲಾಯಿತು, ಮಗ ಬೇರೆ ಕೆಲಸ ಹಿಡಿದರೂ ಹೆಸರು ಉಳಿದುಬಿಟ್ಟಿತು. ಹಿಂದೆ ಯಾವತ್ತೋ ಮನೆಯಲ್ಲಿ ಒಬ್ಬ ಬಡಗಿ ಇದ್ದ, ಹೆಸರು ಹೇಳುವುದು ಅಷ್ಟನ್ನೇ. ಬಡಗಿ ಇಲ್ಲದ ಊರಿಲ್ಲ, ಹಾಗಾಗಿ ಕಾರ್ಪೆಂಟರ್‌ಗಳೆಲ್ಲ ಒಂದೇ ಮನೆತನದವರೂ ಅಲ್ಲ.

ಅಷ್ಟೇ ಅಲ್ಲ, ಆ ಬಡಗಿ ಇಂಗ್ಲೆಂಡಿನವನೇ ಆಗಿರಬೇಕು ಅಂತಲೂ ಇಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಲ್ಯಾಂಕಾಸ್ಟರ್. ಅದು ಜರ್ಮನ್ ಮಾತಾಡುವ ಜನ, ಸ್ವಿಟ್ಜರ್ಲೆಂಡಿನಿಂದ ಬಂದವರೂ ಸೇರಿ, ದಂಡಿಯಾಗಿ ನೆಲೆಸಿದ ಜಾಗ. ಜರ್ಮನ್‌ನಲ್ಲಿ ಬಡಗಿಗೆ ತ್ಸಿಮ್ಮರ್‌ಮಾನ್ ಎನ್ನುತ್ತಾರೆ. ಆ ಹೆಸರಿನ ಕೆಲವು ಮನೆತನಗಳು ಅಲ್ಲೇ ಕಾರ್ಪೆಂಟರ್ ಆದವು. ಮ್ಯೂಲರ್ ಮಿಲ್ಲರ್ ಆದ, ಶ್ಮಿಟ್ ಸ್ಮಿತ್ ಆದ, ಇದೂ ಹಾಗೆಯೇ. ನಿಮ್ಮ ಅಳಿಯನ ಮೂಲ ಇಂಗ್ಲೆಂಡಿನಲ್ಲಿ ಹುಡುಕುತ್ತಾ ಕೂತರೆ ಸಿಗದೇ ಇರಬಹುದು.

ಈಗ ಮೇಫ್ಲವರ್. ಇಂಗ್ಲೆಂಡಿನಿಂದ ವಲಸೆಗಾರರನ್ನು ಹೊತ್ತು ಆ ಹಡಗು ಅಮೆರಿಕಕ್ಕೆ ಬಂದಿದ್ದು 1620ರಲ್ಲಿ, ಪ್ರಯಾಣಿಕರು 102 ಮಂದಿ. ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧ ಜನ ತೀರಿಹೋದರು. ಅದರಲ್ಲೇ ಬಂದು ಆಮೇಲೆ ಅವರು ಕಟ್ಟಿದ ಪ್ಲಿಮತ್ ವಸಾಹತಿನ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದರಿಂದ ಹೆಸರುಗಳು ಇವತ್ತಿಗೂ ಗೊತ್ತು. ಅದರಲ್ಲಿ ಕಾರ್ಪೆಂಟರ್ ಇಲ್ಲ. ಆದರೆ ಬೀಗರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಹೆಣ್ಣುಮಕ್ಕಳ ಕಡೆಯಿಂದ ಸಂಬಂಧ ಇದ್ದರೆ ಅಡ್ಡಹೆಸರು ಬೇರೆಯೇ ಇರುತ್ತದಲ್ವಾ? ಇನ್ನೂ ಒಂದಿದೆ. ಬ್ರಾಡ್‌ಫರ್ಡ್‌ನ ಎರಡನೇ ಹೆಂಡತಿ ಆಲಿಸ್ ತವರಿನ ಕಡೆಯಿಂದ ಕಾರ್ಪೆಂಟರ್. ಆಕೆ ಬಂದಿದ್ದು 1623ರಲ್ಲಿ, ಬೇರೆ ಹಡಗಿನಲ್ಲಿ. ಇಂಥ ಒಂದು ಎಳೆಯೇ ಬಾಯಿಂದ ಬಾಯಿಗೆ ಹೋಗಿ ಮನೆಯ ಕಥೆ ಆಗಿಬಿಡುವುದುಂಟು.

ಹುಡುಕುವ ದಾರಿಯಲ್ಲಿ ಒಂದೇ ನಿಯಮ. ದೊಡ್ಡ ಹೆಸರಿನಿಂದ ಶುರು ಮಾಡಿ ಕೆಳಗೆ ಇಳಿಯಬಾರದು. ಗೊತ್ತಿರುವ ಮುತ್ತಜ್ಜನಿಂದ ಶುರು ಮಾಡಿ ಒಂದೊಂದೇ ತಲೆಮಾರು ಹತ್ತಬೇಕು, ಪ್ರತಿ ಮೆಟ್ಟಿಲಿಗೂ ‘ಇವನು ಇವನ ಮಗ’ ಎನ್ನುವುದಕ್ಕೆ ಒಂದು ಕಾಗದ ಕೈಯಲ್ಲಿ ಇರಬೇಕು. ಕಾಗದ ಇಲ್ಲದ ಕಡೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲಿ, ಪೆನ್ ಮುಟ್ಟುವುದು ಬೇಡ.

ಅಮೆರಿಕದವರಿಗೆ ಇದರಲ್ಲಿ ದೊಡ್ಡ ಅನುಕೂಲ ಅಂದರೆ ಜನಗಣತಿ. 1790ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದಿದೆ. 72 ವರ್ಷ ಆದಮೇಲೆ ಮನೆಮನೆಯ ಹಾಳೆಗಳನ್ನು ಎಲ್ಲರಿಗೂ ಬಿಟ್ಟುಕೊಡುತ್ತಾರೆ, 1950ರದ್ದು 2022ರಲ್ಲಿ ಹೊರಬಂತು. ಮೊಮ್ಮಗ ಅಲ್ಲಿಂದ ಶುರು ಮಾಡಲಿ. ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮುತ್ತಜ್ಜ ಅಲ್ಲಿ ಸಿಕ್ಕರೆ 1940, 1930 ಹೀಗೆ ಹಿಂದಕ್ಕೆ ಹೋಗಬಹುದು. 1900ರ ಹಾಳೆ ನನಗೆ ತುಂಬಾ ಇಷ್ಟ. ಅದರಲ್ಲಿ ಹುಟ್ಟಿದ ತಿಂಗಳು, ವರ್ಷ, ಮದುವೆಯಾಗಿ ಎಷ್ಟು ವರ್ಷ, ಹೆಂಗಸರಾದರೆ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು, ಎಲ್ಲಕ್ಕೂ ಒಂದೊಂದು ಕಾಲಂ. ‘ಹೆತ್ತದ್ದು ಒಂಬತ್ತು, ಇರುವುದು ಐದು’ ಅನ್ನುವಂಥ ಸಾಲು ಸಿಕ್ಕರೆ ಉಳಿದ ನಾಲ್ಕು ಹೆಸರಿಗೆ ಚರ್ಚಿನ ಪುಸ್ತಕ, ಸಮಾಧಿ ಕಲ್ಲು ನೋಡಬೇಕು.

1890ಕ್ಕೆ ಬಂದಾಗ ದಾರಿ ಕಡಿಯುತ್ತದೆ. ವಾಷಿಂಗ್ಟನ್‌ನಲ್ಲಿ 1921ರಲ್ಲಿ ಬೆಂಕಿ ಬಿದ್ದು ಆ ಹಾಳೆಗಳು ಹೆಚ್ಚುಕಡಿಮೆ ಎಲ್ಲ ಹಾಳಾದವು. ಅದನ್ನು ಹಾರಿ 1880ಕ್ಕೆ ಹೋಗಬೇಕು. ಮನೆಯ ಯಜಮಾನನಿಗೆ ಯಾರು ಏನಾಗಬೇಕು, ಪ್ರತಿಯೊಬ್ಬರ ಅಪ್ಪ ಅಮ್ಮ ಎಲ್ಲಿ ಹುಟ್ಟಿದವರು ಎಂದೂ ಅದರಲ್ಲಿದೆ. 1850ರವರೆಗೆ ಮನೆಯ ಎಲ್ಲರ ಹೆಸರು ಸಿಗುತ್ತದೆ. ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ಹೆಸರು ಯಜಮಾನನದು ಮಾತ್ರ, ಉಳಿದವರು ಬರೀ ಲೆಕ್ಕ. ಅಲ್ಲಿಂದಾಚೆ ನಿಜವಾದ ಕಷ್ಟ ಶುರು, ನಿಜವಾದ ಮಜವೂ ಅಲ್ಲೇ.

ಆಗ ಕೈಹಿಡಿಯುವುದು ಉಯಿಲು ಮತ್ತು ಜಮೀನು ಕ್ರಯಪತ್ರ. ಎರಡೂ ಕೌಂಟಿ (ನಮ್ಮ ಜಿಲ್ಲೆ ಇದ್ದಹಾಗೆ) ಕೋರ್ಟಿನಲ್ಲಿ ಇರುತ್ತವೆ. ಒಬ್ಬ ರೈತನ ಹಳೆಯ ಉಯಿಲಿನಲ್ಲಿ ಹೆಂಡತಿಗೆ ಮೂರನೇ ಒಂದು ಪಾಲು, ಹಿರಿಮಗನಿಗೆ ಜಮೀನು, ಇಂಥವನಿಗೆ ಕೊಟ್ಟ ಮಗಳಿಗೆ ಒಂದು ಹಸು ಮತ್ತು ಗರಿ ತುಂಬಿದ ಹಾಸಿಗೆ ಎಂದು ಬರೆದಿರುತ್ತದೆ. ಮಗಳ ಗಂಡನ ಅಡ್ಡಹೆಸರು ಕೂಡ ಅದೇ ಸಾಲಿನಲ್ಲಿ ಸಿಕ್ಕಿಬಿಡುತ್ತದೆ. ಮನೆಯಲ್ಲಿ ಹಳೆಯ ಬೈಬಲ್ ಇದೆಯೇ ಎಂದೂ ಬೀಗರನ್ನು ಕೇಳಿ. ಹುಟ್ಟು, ಮದುವೆ, ಸಾವುಗಳನ್ನು ಅದರ ಖಾಲಿ ಹಾಳೆಗಳಲ್ಲಿ ಬರೆದಿಡುವ ರೂಢಿ ಇತ್ತು. ಲ್ಯಾಂಕಾಸ್ಟರ್‌ನವರಾದ್ದರಿಂದ ಇನ್ನೊಂದು ಮಾತು: ಅವರ ಹಿರಿಯರು ಮೆನೊನೈಟ್ ಪಂಥದವರಾಗಿದ್ದರೆ ಕೂಸಿಗೆ ದೀಕ್ಷಾಸ್ನಾನ ಮಾಡಿಸಿದ ದಾಖಲೆ ಹುಡುಕಬೇಡಿ. ಆ ಪಂಥದಲ್ಲಿ ದೊಡ್ಡವರಾದ ಮೇಲೆಯೇ ದೀಕ್ಷೆ.

ಹಡಗಿನ ಪಟ್ಟಿಯ ಕಥೆ ಬೇರೆ. ಅಮೆರಿಕದ ಸರ್ಕಾರ ಪ್ರಯಾಣಿಕರ ಪಟ್ಟಿ ಕಡ್ಡಾಯ ಮಾಡಿದ್ದು 1819ರ ಕಾಯ್ದೆಯಿಂದ, ಪಟ್ಟಿಗಳು ಸಿಗುವುದು 1820ರಿಂದ. ಅದಕ್ಕಿಂತ ಮೊದಲಿನವು ಅಲ್ಲೊಂದು ಇಲ್ಲೊಂದು ಉಳಿದಿವೆ ಅಷ್ಟೇ. ಆದರೆ ಪೆನ್ಸಿಲ್ವೇನಿಯಾದ ಜರ್ಮನ್ನರ ಮಟ್ಟಿಗೆ ಅದೃಷ್ಟ ಚೆನ್ನಾಗಿದೆ. 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ 16 ವರ್ಷ ಮೇಲ್ಪಟ್ಟ ಗಂಡಸರು ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಆ ಪಟ್ಟಿಗಳು ಉಳಿದಿವೆ. ಓದು ಬಂದವರು ಜರ್ಮನ್ ಅಕ್ಷರದಲ್ಲೇ ಸಹಿ ಮಾಡಿದ್ದಾರೆ, ಬಾರದವರು ಒಂದು ಗೀಟು ಹಾಕಿದ್ದಾರೆ, ಪಕ್ಕದಲ್ಲಿ ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಗೀಚಿದ್ದಾನೆ. ಒಂದೇ ಹೆಸರಿಗೆ ನಾಲ್ಕು ಸ್ಪೆಲಿಂಗ್ ಇದ್ದರೆ ಗಾಬರಿ ಬೇಡ.

ಮೊಮ್ಮಗನಿಗೆ ಒಂದು ಎಚ್ಚರಿಕೆ ಹೇಳಿ. ಕಂಪ್ಯೂಟರಿನಲ್ಲಿ ಯಾರೋ ಮಾಡಿಟ್ಟ ರೆಡಿ ವಂಶವೃಕ್ಷಗಳು ಲಕ್ಷಗಟ್ಟಲೆ ಸಿಗುತ್ತವೆ, ಒಬ್ಬರದನ್ನು ಇನ್ನೊಬ್ಬರು ಕಾಪಿ ಹೊಡೆದದ್ದೇ ಜಾಸ್ತಿ. ಕಾರ್ಪೆಂಟರ್‌ಗಳಲ್ಲಂತೂ ಒಂದು ಹಳ್ಳವೇ ಇದೆ. 1638ರಲ್ಲಿ ಬೀವಿಸ್ ಎಂಬ ಹಡಗಿನಲ್ಲಿ ಅಪ್ಪ ಮಗ ಇಬ್ಬರು ವಿಲಿಯಂ ಕಾರ್ಪೆಂಟರ್‌ಗಳು ಬಂದರು, ಮಗ ಆಮೇಲೆ ಮ್ಯಾಸಚೂಸೆಟ್ಸ್‌ನ ರಿಹೋಬತ್‌ನಲ್ಲಿ ನೆಲೆಸಿದ. ಅದೇ ಕಾಲದಲ್ಲಿ ಅಲ್ಲೇ ಹತ್ತಿರ ಪ್ರಾವಿಡೆನ್ಸ್‌ನಲ್ಲಿ ಮತ್ತೊಬ್ಬ ವಿಲಿಯಂ ಕಾರ್ಪೆಂಟರ್! ಮೂವರನ್ನೂ ಕಲಸಿಬಿಡುವುದು ಎಷ್ಟು ಸುಲಭ ನೋಡಿ. ಹೆಸರು, ಊರು, ಕಾಲ ಹೊಂದಿದರೆ ಸಾಲದು. ಹೆಂಡತಿಯ ಹೆಸರು, ಮಕ್ಕಳ ಹೆಸರು, ಪಕ್ಕದ ಜಮೀನಿನವನ ಹೆಸರು ಕೂಡ ಹೊಂದಬೇಕು. ಅಲ್ಲಿಯವರೆಗೆ ಪೆನ್ಸಿಲ್ಲೇ ಗತಿ.

ಫ್ಯಾಮಿಲಿಸರ್ಚ್ ತಾಣ ಪುಕ್ಕಟೆ, ಮೊದಲು ಅದನ್ನು ನೋಡಲಿ. ದುಡ್ಡು ಕೊಡುವ ತಾಣಗಳನ್ನು ಅಲ್ಲಿನ ಎಷ್ಟೋ ಸಾರ್ವಜನಿಕ ಲೈಬ್ರರಿಗಳಲ್ಲಿ ಕೂತು ಸುಮ್ನೆ ನೋಡಬಹುದು, ಕಾರ್ಡ್ ಉಜ್ಜುವ ಮೊದಲು ಲೈಬ್ರರಿಯಲ್ಲಿ ಕೇಳಲು ಹೇಳಿ.

ಪ್ರಶ್ನೆ: ಸೊಸೆಯ ಮನೆಯವರ ಹಳೆಯ ಕಾಗದವೊಂದರಲ್ಲಿ ಹುಟ್ಟಿದ ದಿನ ‘ಫೆಬ್ರವರಿ 3, 1731/32’ ಎಂದಿದೆ. ಯಾವ ವರ್ಷ ಹುಟ್ಟಿದ್ದೆಂದು ಅವರಿಗೇ ಗೊತ್ತಿರಲಿಲ್ಲವೇ?
— ಓದುಗರು, ಸಾಗರ

ಚೆನ್ನಾಗಿಯೇ ಗೊತ್ತಿತ್ತು. ಆಗ ಇಂಗ್ಲೆಂಡಿನಲ್ಲೂ ಅದರ ಅಮೆರಿಕದ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ನಮ್ಮ ಯುಗಾದಿ ಬರುವ ಹೊತ್ತಿಗೆ ಅಂತಿಟ್ಟುಕೊಳ್ಳಿ. ಹಾಗಾಗಿ ಫೆಬ್ರವರಿ ಹಳೆಯ ಲೆಕ್ಕದಲ್ಲಿ 1731, ಯುರೋಪಿನ ಬೇರೆ ದೇಶಗಳ ಲೆಕ್ಕದಲ್ಲಿ 1732. ಎರಡನ್ನೂ ಬರೆದರೆ ಗೊಂದಲ ಇಲ್ಲ. 1752ರಲ್ಲಿ ಪಂಚಾಂಗ ಬದಲಾಯಿಸಿದರು, ಆ ವರ್ಷ ಸೆಪ್ಟೆಂಬರ್ 2ರ ಮಾರನೆಯ ದಿನ ಸೆಪ್ಟೆಂಬರ್ 14! ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಈಗ ಆಚರಿಸುವುದು 1732ರ ಫೆಬ್ರವರಿ 22. ನಿಮ್ಮ ಸೊಸೆಯವರು ಕಾಗದದಲ್ಲಿ ಇದ್ದದ್ದನ್ನು ಇದ್ದಹಾಗೇ ಬರೆದುಕೊಳ್ಳಲಿ. ತಿದ್ದಲು ಹೋದವರು ಅಣ್ಣ ತಮ್ಮನನ್ನು ನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿಸಿದ್ದೂ ಇದೆ.

ಪ್ರಶ್ನೆ: ಮಗನ ಹೆಂಡತಿಯ ಅಡ್ಡಹೆಸರು ವಾಷಿಂಗ್ಟನ್. ಕಪ್ಪುಜನಾಂಗದ ಹುಡುಗಿ, ಬಲು ಒಳ್ಳೆಯವಳು. ಊರಲ್ಲಿ ಎಲ್ಲರೂ ‘ಅಧ್ಯಕ್ಷರ ವಂಶವಾ?’ ಎಂದು ಕೇಳುತ್ತಾರೆ. ಏನು ಹೇಳಲಿ?
— ಓದುಗರು, ಕೊಪ್ಪ

ಜಾರ್ಜ್ ವಾಷಿಂಗ್ಟನ್‌ಗೆ ಸ್ವಂತ ಮಕ್ಕಳೇ ಇರಲಿಲ್ಲ ಎಂದು ಹೇಳಿ, ಅಲ್ಲಿಗೆ ಬಾಯಿ ಮುಚ್ಚುತ್ತಾರೆ. ಅಮೆರಿಕದ 2000ದ ಜನಗಣತಿಯ ಪ್ರಕಾರ ಆ ಅಡ್ಡಹೆಸರು ಇರುವವರಲ್ಲಿ ಸುಮಾರು ಶೇಕಡಾ 90ರಷ್ಟು ಜನ ಕಪ್ಪುಜನಾಂಗದವರೇ. ಗುಲಾಮಗಿರಿಯಿಂದ ಹೊರಬಂದಾಗ ಜನ ಹೆಸರು ಇಟ್ಟುಕೊಂಡದ್ದು ಹಲವು ಥರ. ಕೆಲವರು ಒಡೆಯನ ಹೆಸರನ್ನೇ ಉಳಿಸಿಕೊಂಡರು, ಕೆಲವರು ಎಷ್ಟೋ ಹಿಂದಿನ ಒಡೆಯನದನ್ನು, ಕೆಲವರು ತಾವೇ ಮೆಚ್ಚಿ ಆರಿಸಿದ್ದನ್ನು. ಗುಲಾಮಗಿರಿಯಲ್ಲಿ ಹುಟ್ಟಿ ಮುಂದೆ ಹೆಸರಾಂತ ಶಿಕ್ಷಣತಜ್ಞರಾದ ಬೂಕರ್ ಟಿ. ವಾಷಿಂಗ್ಟನ್ ಹುಡುಗನಾಗಿದ್ದಾಗ ಶಾಲೆಯಲ್ಲಿ ಹಾಜರಿ ಕೂಗುವಾಗ ಉಳಿದವರಿಗೆಲ್ಲ ಎರಡೆರಡು ಹೆಸರಿದ್ದದ್ದನ್ನು ಕಂಡು, ತನ್ನ ಸರದಿ ಬಂದಾಗ ತಾನೇ ವಾಷಿಂಗ್ಟನ್ ಎಂದು ಸೇರಿಸಿ ಹೇಳಿದವರು. ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗ್ಯುಸನ್.

ನಿಮ್ಮ ಸೊಸೆ ಹಿರಿಯರನ್ನು ಹುಡುಕಲು ಹೊರಟರೆ ಮೇಲೆ ಹೇಳಿದ ದಾರಿ 1870ರಲ್ಲಿ ಗೋಡೆಗೆ ಬಡಿಯುತ್ತದೆ. ಗುಲಾಮರಾಗಿದ್ದವರೆಲ್ಲರ ಹೆಸರು ಗಣತಿಯಲ್ಲಿ ಮೊದಲು ಬಂದದ್ದೇ ಆ ವರ್ಷ. 1850, 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಇಷ್ಟೇ ಬರೆದಿರುವುದು, ಹೆಸರಿಲ್ಲ. ಓದುವಾಗ ಹೊಟ್ಟೆ ತೊಳಸುತ್ತದೆ. ಆ ಗೋಡೆ ದಾಟಲು ಒಂದು ಕಿಂಡಿ ಬಿಡುಗಡೆಯಾದ ಗುಲಾಮರಿಗಾಗಿ ತೆರೆದ ಫ್ರೀಡ್‌ಮನ್ಸ್ ಬ್ಯಾಂಕ್, 1865ರಿಂದ 1874ರವರೆಗೆ ನಡೆದದ್ದು. ಖಾತೆ ತೆರೆಯುವಾಗ ಅಪ್ಪ ಅಮ್ಮ, ಒಡಹುಟ್ಟಿದವರು, ಹುಟ್ಟಿದ ಊರು, ಎಷ್ಟೋ ಸಲ ಹಳೆಯ ಒಡೆಯನ ಹೆಸರನ್ನೂ ಬರೆಸಿಕೊಳ್ಳುತ್ತಿದ್ದರು. ಒಡೆಯನ ಹೆಸರು ಸಿಕ್ಕರೆ ಅವನ ಉಯಿಲು, ಆಸ್ತಿಪಟ್ಟಿ ನೋಡಬೇಕು. ಅದರಲ್ಲಿ ಎತ್ತು, ಕುದುರೆ, ಮಂಚದ ಜೊತೆ ಮನುಷ್ಯರ ಹೆಸರುಗಳೂ ಬೆಲೆ ಹಾಕಿಸಿಕೊಂಡು ಕೂತಿರುತ್ತವೆ. ಅವಳು ಒಬ್ಬಳೇ ಕೂತು ಓದುವುದಕ್ಕಿಂತ ನಿಮ್ಮ ಮಗ ಜೊತೆಗಿರಲಿ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಅಮೆರಿಕದ ವೀಸಾದಲ್ಲಿ ನನ್ನ ಹೆಸರು ‘ಎಫ್‌ಎನ್‌ಯು’ ಆಗಿದೆ, ಆಫೀಸಿನಲ್ಲಿ ಎಲ್ಲರೂ ಫ್ನೂ ಎಂದೇ ಕರೆಯುತ್ತಾರೆ! ಇನಿಷಿಯಲ್‌ನಲ್ಲಿರುವ ಊರು ಲಿಂಗನಮಕ್ಕಿ ಮುಳುಗಡೆಯಲ್ಲಿ ಹೋಗಿದೆ. ಈಗ ಮಗಳು ಹುಟ್ಟಿದ್ದಾಳೆ. ಯಾವ ಸರ್‌ನೇಮ್ ಕೊಡಲಿ? ಮುಂದಿನವರು ನಮ್ಮನ್ನು ಹೇಗೆ ಹುಡುಕುತ್ತಾರೆ?
— ಸಾಗರ ತಾಲೂಕಿನವರು, ಈಗ ನ್ಯೂಜೆರ್ಸಿ

ಫ್ನೂ ಅವರೇ, ಅದು ‘ಮೊದಲ ಹೆಸರು ಗೊತ್ತಿಲ್ಲ’ ಎನ್ನುವುದರ ಇಂಗ್ಲಿಷ್ ಚುಟುಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ ಮುಂದೆ ಇದನ್ನು ಅಂಟಿಸುತ್ತಾರೆ. ಪಾಸ್‌ಪೋರ್ಟ್ ನವೀಕರಿಸುವಾಗ ಹೆಸರನ್ನು ಎರಡು ಭಾಗ ಮಾಡಿಸಿ. ಆಮೇಲೆ ವೀಸಾ, ಬ್ಯಾಂಕು, ಲೈಸೆನ್ಸ್ ಎಲ್ಲದರಲ್ಲೂ ಅದೇ ಬರಲಿ, ಒಂದರಲ್ಲಿ ಒಂದು ಥರ ಬೇಡ.

ಮಲೆನಾಡಿನಲ್ಲಿ ಹೆಸರಿನ ಮುಂದೆ ಊರು ಬರುವುದೇ ರೂಢಿ. ಶಾಂತವೇರಿ ಗೋಪಾಲಗೌಡ, ಕಡಿದಾಳ್ ಮಂಜಪ್ಪ, ಕಾಗೋಡು ತಿಮ್ಮಪ್ಪ, ಎಲ್ಲ ಊರಿನ ಹೆಸರೇ. ಎಸ್. ಬಂಗಾರಪ್ಪ ಅವರ ಎಸ್ ಎಂದರೆ ಸಾರೆಕೊಪ್ಪ. ಊರು ಹಿಂದೆ ಬಂದಿದ್ದರೆ ಅಮೆರಿಕದವರಿಗೆ ಅದೇ ಸರ್‌ನೇಮ್ ಆಗುತ್ತಿತ್ತು.

ಅಪ್ಪನ ಹೆಸರನ್ನೇ ಮಗಳಿಗೆ ಸರ್‌ನೇಮ್ ಮಾಡುವುದು ನಮ್ಮವರಲ್ಲಿ ಈಗ ಸಾಮಾನ್ಯ. ತಪ್ಪೇನಿಲ್ಲ, ನೀವಿರುವ ಜಾಗದಲ್ಲೇ ಮೊದಲು ಬಂದ ಡಚ್ಚರೂ ಅದನ್ನೇ ಮಾಡುತ್ತಿದ್ದರು. ಯಾನ್‌ನ ಮಗ ಪೀಟರ್ ಆದರೆ ಅವನು ಪೀಟರ್ ಯಾನ್ಸನ್, ಅವನ ಮಗ ಹೆಂಡ್ರಿಕ್ ಆದರೆ ಹೆಂಡ್ರಿಕ್ ಪೀಟರ್ಸನ್. ತಲೆಮಾರಿಗೊಂದು ಹೆಸರು. 1664ರಲ್ಲಿ ಇಂಗ್ಲಿಷರು ಆ ವಸಾಹತನ್ನು ವಶಪಡಿಸಿಕೊಂಡ ಮೇಲೆ ನಿಧಾನವಾಗಿ ಒಂದೊಂದು ಮನೆತನವೂ ಒಂದು ಹೆಸರಿಗೆ ಬಂದು ನಿಂತಿತು, ಅಣ್ಣ ಒಂದು, ತಮ್ಮ ಇನ್ನೊಂದು ಹಿಡಿದದ್ದೂ ಉಂಟು. ಇವತ್ತು ನ್ಯೂಯಾರ್ಕ್ ಕಡೆಯ ಹಳೆಯ ಮನೆತನದವರು ತಲೆ ಕೆರೆದುಕೊಳ್ಳುವುದೇ ಅಲ್ಲಿ.

ನನ್ನನ್ನು ಕೇಳಿದರೆ ಆ ಮುಳುಗಿದ ಊರಿನ ಹೆಸರನ್ನೇ ಕೊಡಿ. ಅಪ್ಪನ ಹೆಸರು ಇಡೀ ಕರ್ನಾಟಕದಲ್ಲಿ ಸಾವಿರ ಜನಕ್ಕೆ ಇರುತ್ತದೆ, ಆ ಊರಿನದು ಕೆಲವೇ ಮನೆಗಳಿಗೆ. 1964ರಲ್ಲಿ ಅಣೆಕಟ್ಟು ಮುಗಿದಾಗ ನಿಮ್ಮ ಮನೆಯವರು ಎಲ್ಲಿಂದ ಎದ್ದು ಎಲ್ಲಿಗೆ ಬಂದರು, ಯಾವ ಸರ್ವೆ ನಂಬರ್ ಸಿಕ್ಕಿತು, ಜೊತೆಗೆ ಬಂದ ಮನೆಗಳು ಯಾವುವು ಎನ್ನುವುದನ್ನು ಅಜ್ಜಿ ಇರುವಾಗಲೇ ಕೇಳಿ ಬರೆದಿಡಿ. ಉಚ್ಚಾರ ಅಲ್ಲಿನವರ ನಾಲಿಗೆಗೆ ಕಷ್ಟವಾಗಬಹುದು, ಆಗಲಿ ಬಿಡಿ, ಅವರು ಕಲಿತುಕೊಳ್ಳುತ್ತಾರೆ.

ಪ್ರಶ್ನೆ: ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರನ್ನು ಬಾಯಿಗೆ ಬಂದಂತೆ ಬದಲಾಯಿಸಿದರಂತೆ, ಹೌದೇ?
— ವಿದ್ಯಾರ್ಥಿ, ಶಿವಮೊಗ್ಗ

ಇಲ್ಲ. 1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಅಲ್ಲಿ ಇಳಿದರು. ಅಧಿಕಾರಿಯ ಕೈಯಲ್ಲಿದ್ದದ್ದು ಹಡಗಿನ ಕಂಪನಿಯವರು ಹೊರಡುವ ಬಂದರಿನಲ್ಲೇ ಬರೆದು ತಂದ ಪಟ್ಟಿ. ಅದನ್ನು ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸುವುದು ಅವನ ಕೆಲಸ. ಹೆಸರು ಬದಲಾಯಿಸಿಕೊಂಡವರು ಮುಕ್ಕಾಲು ಪಾಲು ತಾವೇ, ಊರಲ್ಲಿ ನೆಲೆಯಾದ ಮೇಲೆ ಕೆಲಸಕ್ಕೋ ಅಂಗಡಿಗೋ ಅನುಕೂಲ ಎಂದು ಬದಲಾಯಿಸಿಕೊಂಡರು.

ಪ್ರಶ್ನೆ: ಅಕ್ಕನ ಮನೆಯವರು ಡಿಎನ್‌ಎ ಕಿಟ್ ತರಿಸಿದ್ದಾರೆ. ಉಗುಳಿ ಕಳಿಸಿದರೆ ಭಾವನ ಅಮೆರಿಕದ ಮೂಲಪುರುಷ ಯಾರೆಂದು ಗೊತ್ತಾಗುತ್ತಾ?
— ಓದುಗರು, ಹೊಸನಗರ

ಹೆಸರು ಗೊತ್ತಾಗುವುದಿಲ್ಲ, ದೂರದ ದಾಯಾದಿಗಳು ಗೊತ್ತಾಗಬಹುದು. ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವಿನ ಪರೀಕ್ಷೆ ಬೇರೆ ಇದೆ, ಅಡ್ಡಹೆಸರಿನ ಬೆನ್ನು ಹತ್ತುವವರಿಗೆ ಅದೇ ಉಪಯೋಗ, ಮಾಡಿಸಬೇಕಾದ್ದು ಗಂಡಸರು. ಸಾಮಾನ್ಯ ಕಿಟ್ ನೋಡುವ ಡಿಎನ್‌ಎಯಲ್ಲಿ ಒಬ್ಬೊಬ್ಬ ಹಿರಿಯರ ಪಾಲು ತಲೆಮಾರಿಗೆ ಅರ್ಧರ್ಧ ಕಡಿಮೆಯಾಗುತ್ತಾ ಹೋಗಿ, ಹತ್ತು ತಲೆಮಾರು ಹಿಂದಿನವರಲ್ಲಿ ಎಷ್ಟೋ ಜನರದ್ದು ಒಂದು ಚೂರೂ ನಮ್ಮಲ್ಲಿ ಉಳಿದಿರುವುದಿಲ್ಲ. ಶೇಕಡಾ ಇಷ್ಟು ಜರ್ಮನ್, ಇಷ್ಟು ಐರಿಷ್ ಎನ್ನುವ ಬಣ್ಣದ ನಕ್ಷೆಯನ್ನು ಜಾಸ್ತಿ ನಂಬಬೇಡಿ, ಕಂಪನಿ ಬದಲಾದರೆ ಅದೂ ಬದಲಾಗುತ್ತದೆ.

ಪ್ರಶ್ನೆ: ಅಮೆರಿಕದವರದ್ದೆಲ್ಲ ಸರಿ, ನಾವು ಗೇಣಿ ಮಾಡಿಕೊಂಡಿದ್ದ ಮನೆಯವರು. ನಮ್ಮ ಅಜ್ಜ, ಮುತ್ತಜ್ಜನ ಹೆಸರು ಯಾವ ಕಾಗದದಲ್ಲಿ ಸಿಗುತ್ತದೆ?
— ಓದುಗರು, ಸೊರಬ

ಒಳ್ಳೆಯ ಪ್ರಶ್ನೆ, ಕೊನೆಗೆ ಬಂತು ಅಷ್ಟೇ. ಜಮೀನು ಒಡೆಯರ ಹೆಸರಿನಲ್ಲಿದ್ದಾಗ ಗೇಣಿದಾರರ ಮನೆಯವರ ಹೆಸರು ಹಳೆಯ ಕಾಗದಗಳಲ್ಲಿ ಕಾಣುವುದು ಕಡಿಮೆ. ನಿಮಗೆ ಮೊದಲು ಸಿಗಬಹುದಾದ ಗಟ್ಟಿ ದಾಖಲೆ 1974ರ ಭೂಸುಧಾರಣೆಯ ನಂತರ ಹಾಕಿದ ಡಿಕ್ಲರೇಷನ್, ಅಂದರೆ ಫಾರಂ ನಂಬರ್ 7. ಭೂನ್ಯಾಯ ಮಂಡಳಿಯ ಆ ಕಡತದಲ್ಲಿ ಅರ್ಜಿ ಮಾತ್ರ ಇರುವುದಿಲ್ಲ, ‘ನಮ್ಮ ಅಪ್ಪನ ಕಾಲದಿಂದ ನಾವೇ ಉಳುತ್ತಿದ್ದೇವೆ’ ಎಂಬಂಥ ಹೇಳಿಕೆ, ಪಕ್ಕದ ಜಮೀನಿನವರ ಸಾಕ್ಷಿ, ಕೆಲವು ಕಡೆ ಗೇಣಿ ರಸೀದಿ ಕೂಡ ಸಿಗುತ್ತವೆ. ಅಜ್ಜನ ಹೆಬ್ಬೆಟ್ಟು ನೋಡಲು ಸಿಕ್ಕರೂ ಆಶ್ಚರ್ಯವಿಲ್ಲ. ಅದರ ಜೊತೆ ಹಳೆಯ ಕೈಬರಹದ ಪಹಣಿಯನ್ನೂ ತೆಗೆಸಿ. ಕೆಲವು ವರ್ಷ ಸಾಗುವಳಿದಾರರ ಕಾಲಂನಲ್ಲಿ ಗೇಣಿದಾರರ ಹೆಸರು ಬರೆದಿರುತ್ತಾರೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಮುಂದೆ ಅಜ್ಜನದ್ದೂ ಇರಬಹುದು. ನಿಮ್ಮ ಕಡೆ ಹೆಳವರು ಬರುವ ರೂಢಿ ಇದ್ದರೆ ಅವರನ್ನು ಕಾಳು ಕೊಟ್ಟು ಹಾಗೇ ಕಳಿಸಬೇಡಿ, ಕೂರಿಸಿ ಮನೆತನ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಕಾಗದದ ಜೊತೆ ತಾಳೆ ನೋಡಿದರಾಯಿತು.

ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿಗೆ ಅರ್ಜಿ ಹಾಕುವಾಗ ಹೋಬಳಿ, ಗ್ರಾಮ, ಸರ್ವೆ ನಂಬರ್ ಮೂರನ್ನೂ ಬರೆಯಿರಿ. ಮಂಡಳಿಯ ಆದೇಶದ ನಂಬರ್ ಮನೆಯ ಯಾವುದಾದರೂ ಹಳೆಯ ಕಾಗದದಲ್ಲಿ ಇದ್ದರೆ ಅದನ್ನೂ ಸೇರಿಸಿ, ಹುಡುಕುವವರಿಗೆ ಅರ್ಧ ಕೆಲಸ ಮುಗಿದಂತೆ.